ಯುದ್ಧಕಾಲದ ಅನಾಥಾಲಯದ ಪ್ರೇತಕಥೆ: ‘ದ ಡೆವಿಲ್ಸ್ ಬ್ಯಾಕ್‌ಬೋನ್’ ಪ್ರದರ್ಶನ ಮತ್ತು ಸಂವಾದ ನಡೆಸುವ ಬಗೆ

ಮಂಗಳೂರು, ಉಡುಪಿ, ಮಣಿಪಾಲಗಳ ಕಾಲೇಜುಗಳಲ್ಲಿ ಮತ್ತು ಸಣ್ಣ ಸಿನಿಮಾ ಕೂಟಗಳಲ್ಲಿ ಹೊರದೇಶದ ಚಿತ್ರಗಳನ್ನು ತೋರಿಸುವವರು ದೆವ್ವದ ಸಿನಿಮಾ ಎಂದರೆ ಸ್ವಲ್ಪ ಹಿಂಜರಿಯುತ್ತಾರೆ. ಅದು ಬೆಚ್ಚಿಬೀಳಿಸುವುದಕ್ಕಷ್ಟೇ ಸರಿ, ಚರ್ಚೆಗೆ ಒದಗುವುದಿಲ್ಲ ಎಂಬ ಎಣಿಕೆ ಅವರದು. ಗಿಯೆರ್ಮೊ ದೆಲ್ ತೊರೊ ನಿರ್ದೇಶಿಸಿ 2001ರಲ್ಲಿ ತೆರೆಕಂಡ ‘ದ ಡೆವಿಲ್ಸ್ ಬ್ಯಾಕ್‌ಬೋನ್’ ಈ ಎಣಿಕೆಯನ್ನು ಸುಳ್ಳು ಮಾಡುವ ಚಿತ್ರ. ಸ್ಪೇನಿನ ಅಂತರ್ಯುದ್ಧ ಮುಗಿಯುತ್ತಿರುವ 1939ರಲ್ಲಿ, ಬಟ್ಟಬಯಲಿನ ನಡುವೆ ಒಂಟಿಯಾಗಿ ನಿಂತ ಒಂದು ಅನಾಥಾಲಯದಲ್ಲಿ ಸತ್ತ ಹುಡುಗನೊಬ್ಬ ಬದುಕಿರುವ ಹುಡುಗರಿಗೆ ಕಾಣಿಸಿಕೊಳ್ಳುವ ಕತೆ ಅದು. ಈ ಚಿತ್ರವನ್ನು ನಮ್ಮ ಊರಿನ ಪ್ರೇಕ್ಷಕರ ಮುಂದಿಟ್ಟು ಒಳ್ಳೆಯ ಮಾತುಕತೆ ನಡೆಸಲು ಬಯಸುವವರಿಗಾಗಿ ಈ ಬರಹ. ಸಂಘಟಕರಿಗೆಂದು ಬರೆದದ್ದಾದ್ದರಿಂದ ಇಲ್ಲಿ ಕತೆಯ ಕೊನೆಯೂ ಬರುತ್ತದೆ. ಪ್ರೇಕ್ಷಕರಾಗಿ ಬರುವವರು ಚಿತ್ರ ನೋಡಿದ ಮೇಲೆ ಓದುವುದು ಒಳಿತು.

ಮೊದಲು ಸಂಘಟಕರ ಮನಸ್ಸಿನಲ್ಲಿ ಒಂದು ಸಂಗತಿ ಸ್ಪಷ್ಟವಾಗಿರಬೇಕು. ಈ ಚಿತ್ರದಲ್ಲಿ ಪ್ರೇತವು ಹೆದರಿಸಲು ಬರುವುದಿಲ್ಲ, ದೂರು ಹೇಳಲು ಬರುತ್ತದೆ. ಸಾಂತಿ ಎಂಬ ಆ ಹುಡುಗನಿಗೆ ಅನ್ಯಾಯವಾಗಿದೆ, ಅವನ ಶವ ಯಾರಿಗೂ ಸಿಕ್ಕಿಲ್ಲ, ಕೊಂದವನು ಅದೇ ಮನೆಯಲ್ಲಿ ಓಡಾಡಿಕೊಂಡಿದ್ದಾನೆ. ಭಿತ್ತಿಪತ್ರ, ಆಹ್ವಾನ, ಪರಿಚಯದ ಮಾತು ಎಲ್ಲವೂ ಈ ತಿಳಿವಿನಿಂದಲೇ ಹುಟ್ಟಬೇಕು. ‘ಎದೆ ನಡುಗಿಸುವ ಹಾರರ್’ ಎಂದು ಪ್ರಚಾರ ಮಾಡಿದರೆ ಸಭಾಂಗಣ ತುಂಬಬಹುದು, ಆದರೆ ಹಾಗೆ ಬಂದವರು ಕಿರುಚಾಟಕ್ಕೆ ಕಾದು ಕೂತು, ಅದು ಬಾರದಿದ್ದಾಗ ಮೊಬೈಲ್ ತೆಗೆಯುತ್ತಾರೆ. ಮೆಲ್ಲಗೆ ಸಾಗುವ ಈ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ.

ಸಂಘಟಕರು ಚಿತ್ರವನ್ನು ಮುಂಚಿತವಾಗಿ ಎರಡು ಸಲ ನೋಡಬೇಕು, ಎರಡನೆಯ ಸಲ ಕೈಯಲ್ಲಿ ಪೆನ್ನು ಹಿಡಿದು. ಕತೆಯ ಎಳೆ ಹೀಗಿದೆ. ಯುದ್ಧದಲ್ಲಿ ಚುನಾಯಿತ ಗಣರಾಜ್ಯ ಸರಕಾರದ ಪರ ಹೋರಾಡಿ ಸತ್ತ ಗಣರಾಜ್ಯವಾದಿಯೊಬ್ಬನ ಮಗ ಕಾರ್ಲೊಸ್‌ನನ್ನು ಅವನ ಶಿಕ್ಷಕ ಆಯಾಲಾ ಅನಾಥಾಲಯಕ್ಕೆ ತಂದು ಬಿಟ್ಟುಹೋಗುತ್ತಾನೆ. ತಂದೆ ಸತ್ತದ್ದು ಹುಡುಗನಿಗೆ ಇನ್ನೂ ಗೊತ್ತಿಲ್ಲ. ಅನಾಥಾಲಯವನ್ನು ನಡೆಸುವವರು ಒಂದು ಕಾಲಿಗೆ ಕೃತಕ ಕಾಲು ಹಾಕಿಕೊಂಡ ಕಾರ್ಮೆನ್ ಮತ್ತು ಅವಳನ್ನು ಮೌನವಾಗಿ ಪ್ರೀತಿಸುವ ವೃದ್ಧ ವೈದ್ಯ ಕಸಾರೆಸ್. ಗಣರಾಜ್ಯದ ಹೋರಾಟಕ್ಕೆಂದು ಇಟ್ಟ ಚಿನ್ನ ಅಲ್ಲಿದೆ. ಅದೇ ಅನಾಥಾಲಯದಲ್ಲಿ ಬೆಳೆದು ಈಗ ಅಲ್ಲಿಯೇ ಆಳಾಗಿರುವ ಹಾಸಿಂತೊ ಎಂಬ ಯುವಕನ ಕಣ್ಣು ಆ ಚಿನ್ನದ ಮೇಲೆ. ಅವನು ತಿಜೋರಿಗೆ ಕೈಹಾಕಿದ್ದನ್ನು ಕಂಡ ಸಾಂತಿ ಅವನ ಕೈಯಲ್ಲಿ ತಲೆ ಒಡೆದುಕೊಂಡು, ನೆಲಮಾಳಿಗೆಯ ನೀರಿನ ತೊಟ್ಟಿಯಲ್ಲಿ ಮುಳುಗಿಹೋಗುತ್ತಾನೆ. ಬಚ್ಚಿಟ್ಟುಕೊಂಡು ಅದನ್ನೆಲ್ಲ ನೋಡಿದ ಹಾಯ್ಮೆ ಎಂಬ ಹುಡುಗ ಭಯದಿಂದ ಬಾಯಿ ಮುಚ್ಚಿಕೊಂಡಿರುತ್ತಾನೆ. ಅದೇ ರಾತ್ರಿ ಅಂಗಳಕ್ಕೆ ಒಂದು ಬಾಂಬು ಬಿದ್ದು, ಸಿಡಿಯದೆ, ನೆಲದಲ್ಲಿ ನಾಟಿಕೊಂಡು ನಿಲ್ಲುತ್ತದೆ.

ಅನುಮತಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಆದರೆ ಇದನ್ನು ಬಿಡುವ ಹಾಗಿಲ್ಲ. ಮನೆಯಲ್ಲಿ ನೋಡಲು ಕೊಂಡ ಡಿಸ್ಕ್ ಆಗಲಿ, ಸ್ವಂತ ಚಂದಾದ ಓಟಿಟಿ ಖಾತೆಯಾಗಲಿ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಕೊಡುವುದಿಲ್ಲ. ಟಿಕೆಟ್ ಇಲ್ಲದ ಪ್ರದರ್ಶನವಾದರೂ ಹಕ್ಕುದಾರರಿಗೆ ಅಥವಾ ವಿತರಕರಿಗೆ ಬರೆದು, ಒಪ್ಪಿಗೆಯನ್ನು ಕಾಗದದಲ್ಲಿ ಪಡೆದುಕೊಳ್ಳಿ. ಉತ್ತರ ಬರಲು ಹಲವು ವಾರ ಹಿಡಿಯಬಹುದಾದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲೇ ಈ ಕೆಲಸ ಮುಗಿಯಲಿ.

ಪ್ರೇಕ್ಷಕರ ವಯಸ್ಸಿನ ಬಗ್ಗೆ ರಾಜಿ ಬೇಡ. ಮಕ್ಕಳೇ ಮುಖ್ಯ ಪಾತ್ರಗಳಾಗಿದ್ದರೂ ಇದು ಮಕ್ಕಳ ಚಿತ್ರವಲ್ಲ. ಸ್ಫೋಟದಲ್ಲಿ ಹುಡುಗರು ಸಾಯುತ್ತಾರೆ, ಚೂರಿ ಇರಿತವಿದೆ, ಲೈಂಗಿಕ ದೃಶ್ಯವಿದೆ. ಪದವಿ ತರಗತಿ ಮತ್ತು ಅದಕ್ಕಿಂತ ಮೇಲಿನವರಿಗೆ ತೋರಿಸುವುದು ನನ್ನ ದೃಷ್ಟಿಯಲ್ಲಿ ಸರಿ. ಹೈಸ್ಕೂಲಿನ ಮಕ್ಕಳನ್ನು ಕರೆತರುವುದು ಖಂಡಿತ ಬೇಡ. ಏನೇನಿದೆ ಎಂಬುದನ್ನು ಆಹ್ವಾನದಲ್ಲಿಯೇ ಎರಡು ವಾಕ್ಯಗಳಲ್ಲಿ ಬರೆದುಬಿಟ್ಟರೆ ಬರುವವರು ತಾವೇ ತೀರ್ಮಾನಿಸುತ್ತಾರೆ.

ಕರಾವಳಿಯಲ್ಲಿ ಈ ಚಿತ್ರವನ್ನು ತೋರಿಸಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿಯವರೆಗೆ. ಇದಕ್ಕೆ ಕಾರಣ ಶಬ್ದ. ಸಾಂತಿಗೆ ಹುಡುಗರು ಇಟ್ಟ ಹೆಸರೇ ‘ನಿಟ್ಟುಸಿರಿಡುವವನು’ ಎಂಬ ಅರ್ಥದ್ದು. ಅವನು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಬೀಳುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ನಡುವೆ ಆ ಉಸಿರು, ಬರಿಗಾಲಿನ ಸದ್ದು, ತೊಟ್ಟಿಯಲ್ಲಿ ನೀರು ತೊಟ್ಟಿಕ್ಕುವುದು ಯಾವುದೂ ಕೇಳಿಸುವುದಿಲ್ಲ, ಮೇಲಾಗಿ ಯಾವಾಗ ಕರೆಂಟ್ ಹೋಗುತ್ತದೋ ತಿಳಿಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯೊಳಗೆ ಸೆಕೆ ತಡೆಯಲಾಗದೆ ಎಲ್ಲ ಫ್ಯಾನುಗಳನ್ನೂ ಜೋರಾಗಿ ಹಾಕಬೇಕಾಗುತ್ತದೆ, ಆಗಲೂ ಪರಿಣಾಮ ಒಂದೇ. ಚಳಿಗಾಲದ ಮಧ್ಯಾಹ್ನವಾದರೆ ಫ್ಯಾನ್‌ಗಳನ್ನು ನಿಧಾನಕ್ಕೆ ಇಟ್ಟು ಕುಳಿತುಕೊಳ್ಳಬಹುದು.

ಚಿತ್ರದ ಅವಧಿ ಸುಮಾರು 106 ನಿಮಿಷ. ಮೂರೂವರೆಗೆ ಸೇರಿ, ಹತ್ತು ನಿಮಿಷ ಪರಿಚಯದ ಮಾತಾಡಿ ಶುರುಮಾಡಿದರೆ ಐದೂವರೆಗೆ ಚಿತ್ರ ಮುಗಿಯುತ್ತದೆ, ಚರ್ಚೆಗೆ ಒಂದು ಗಂಟೆ ಸಿಗುತ್ತದೆ, ಕಾರ್ಕಳಕ್ಕೋ ಕುಂದಾಪುರಕ್ಕೋ ಹೋಗುವವರು ಬಸ್ಸಿನ ಯೋಚನೆಯಲ್ಲಿ ನಡುವೆ ಎದ್ದುಹೋಗಬೇಕಾಗುವುದಿಲ್ಲ. ದೊಡ್ಡ ಸಭಾಭವನಕ್ಕಿಂತ ಐವತ್ತು, ಅರುವತ್ತು ಜನ ಹಿಡಿಸುವ ಎ.ವಿ. ಹಾಲ್ ಮೇಲು, ಚರ್ಚೆಗೆ ಮೈಕ್ ಬೇಕಾಗದಿರುವುದೇ ದೊಡ್ಡ ಲಾಭ. ಕತ್ತಲನ್ನು ಮಾತ್ರ ಹಟಹಿಡಿದು ಸಾಧಿಸಬೇಕು. ನಮ್ಮಲ್ಲಿ ಸಂಜೆಯ ಬಿಸಿಲು ಕಡಲ ಕಡೆಯಿಂದ ನೇರವಾಗಿ ಒಳಗೆ ಬರುತ್ತದೆ, ಆದ್ದರಿಂದ ಪಡುವಣ ಕಿಟಕಿಗಳಿಗೆ ಪರದೆಯ ಮೇಲೆ ಇನ್ನೊಂದು ಪದರ ಕರಿ ಬಟ್ಟೆ ಹಾಕಿಸಿ. ಛಾಯಾಗ್ರಾಹಕ ಗಿಯೆರ್ಮೊ ನವಾರೊ ಹೊರಾಂಗಣವನ್ನು ಒಣ ಹಳದಿಯಲ್ಲಿ, ರಾತ್ರಿ ಮತ್ತು ನೆಲಮಾಳಿಗೆಯನ್ನು ನೀಲಿ, ಹಸುರು ಮಬ್ಬಿನಲ್ಲಿ ಹಿಡಿದಿದ್ದಾರೆ. ಕೋಣೆಗೆ ಸ್ವಲ್ಪ ಬೆಳಕು ನುಗ್ಗಿದರೂ ಹಳದಿ ಉಳಿಯುತ್ತದೆ, ತೊಟ್ಟಿಯ ದೃಶ್ಯಗಳು ಬರಿಯ ಬೂದಿಬಣ್ಣವಾಗುತ್ತವೆ. ಹಿಂದಿನ ದಿನ ಅದೇ ಹೊತ್ತಿಗೆ ಕೋಣೆಗೆ ಹೋಗಿ, ಕಾರ್ಲೊಸ್ ರಾತ್ರಿ ನೀರು ತರಲು ಅಡುಗೆಮನೆಗೆ ಹೋಗುವ ಭಾಗವನ್ನು ಹಾಕಿ, ಕೊನೆಯ ಸಾಲಿನಲ್ಲಿ ಕುಳಿತು ನೋಡಿ. ಅಲ್ಲಿಂದ ಹುಡುಗನ ಮುಖ ಕಾಣಿಸಿದರೆ, ನಿಟ್ಟುಸಿರು ಕೇಳಿಸಿದರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು.

ಸಂಭಾಷಣೆ ಸ್ಪ್ಯಾನಿಷ್‌ನಲ್ಲಿದೆ, ಸಬ್‌ಟೈಟಲ್ ಇಂಗ್ಲಿಷ್‌ನಲ್ಲಿ ಸಿಗುತ್ತದೆ. ಕುರ್ಚಿಗಳನ್ನು ಒಂದರ ಹಿಂದೆ ಒಂದು ಬಾರದಂತೆ ಜೋಡಿಸಿ, ಪರದೆಯನ್ನು ತುಸು ಎತ್ತರಿಸಿ, ಕೆಳಗಿನ ಅಕ್ಷರಗಳು ಮುಂದಿನವರ ತಲೆಗೆ ಮರೆಯಾಗದಂತೆ ನೋಡಿಕೊಳ್ಳಬೇಕು. ಇಂಗ್ಲಿಷ್ ವೇಗವಾಗಿ ಓದಲಾರದವರಿಗಾಗಿ ಒಂದು ಪುಟದ ಕನ್ನಡ ಟಿಪ್ಪಣಿ ಇರಲಿ. ಅದರಲ್ಲಿ ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು, ಮೊದಲ ಕಾಲು ಗಂಟೆಯ ಕತೆ ಇದ್ದರೆ ಸಾಕು. ಹಾಸಿಂತೊ ಕೊಲೆಗಾರನೆಂಬ ಸುಳಿವು ಅದರಲ್ಲಿ ಬರಕೂಡದು. ಬರಹದಲ್ಲಿ ‘ಜೈಮ್’ ಎಂದು ಓದಿಕೊಳ್ಳುವ ಹೆಸರು ಕಿವಿಗೆ ‘ಹಾಯ್ಮೆ’ ಎಂದು ಬೀಳುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಟಿಪ್ಪಣಿಯಲ್ಲಿ ಉಚ್ಚಾರದಂತೆಯೇ ಬರೆಯಿರಿ.

ಪರಿಚಯದ ಹತ್ತು ನಿಮಿಷವನ್ನು ನಿರ್ದೇಶಕರ ಜೀವನಚರಿತ್ರೆಗೆ ವ್ಯಯಿಸಬೇಡಿ, ಯುದ್ಧಕ್ಕೆ ಕೊಡಿ. ನಮ್ಮ ಪ್ರೇಕ್ಷಕರಲ್ಲಿ ಬಹುಮಂದಿಗೆ ಎರಡನೆಯ ಮಹಾಯುದ್ಧ ಗೊತ್ತು, ಅದರ ಹಿಂದಿನ ಸ್ಪೇನ್ ಗೊತ್ತಿರುವುದಿಲ್ಲ. ಚುನಾಯಿತ ಗಣರಾಜ್ಯದ ಸರಕಾರದ ವಿರುದ್ಧ 1936ರ ಜುಲೈಯಲ್ಲಿ ಸೇನಾಧಿಕಾರಿಗಳು ದಂಗೆ ಎದ್ದದ್ದು, ಅವರ ನಾಯಕನಾದ ಫ್ರಾಂಕೊಗೆ ಹಿಟ್ಲರನ ಜರ್ಮನಿಯೂ ಮುಸೊಲಿನಿಯ ಇಟಲಿಯೂ ವಿಮಾನ, ಸೈನ್ಯ ಒದಗಿಸಿದ್ದು, ಬ್ರಿಟನ್ ಮತ್ತು ಫ್ರಾನ್ಸ್ ಮಧ್ಯೆ ಬರುವುದಿಲ್ಲವೆಂದು ಕೈಕಟ್ಟಿ ಕೂತದ್ದು, ಸೋವಿಯತ್ ಒಕ್ಕೂಟದ ನೆರವು ಮತ್ತು ಹಲವು ದೇಶಗಳಿಂದ ಬಂದ ಸ್ವಯಂಸೇವಕರ ಅಂತರರಾಷ್ಟ್ರೀಯ ದಳಗಳು ಗಣರಾಜ್ಯದ ಪರ ನಿಂತದ್ದು, 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಬಾಂಬಿನ ಮಳೆಗರೆದದ್ದು, ಕೊನೆಗೆ 1939ರ ಏಪ್ರಿಲ್ 1ರಂದು ಫ್ರಾಂಕೊ ಗೆಲುವು ಘೋಷಿಸಿದ್ದು, ಇಷ್ಟನ್ನು ನಿಧಾನವಾಗಿ ಹೇಳಿದರೆ ಸಾಕು. ಜವಾಹರಲಾಲ್ ನೆಹರೂ 1938ರ ಜೂನ್‌ನಲ್ಲಿ, ಬಾಂಬುದಾಳಿ ನಡೆಯುತ್ತಿದ್ದ ಕಾಲದಲ್ಲಿಯೇ ವಿ.ಕೆ. ಕೃಷ್ಣ ಮೆನನ್ ಅವರೊಡನೆ ಬಾರ್ಸಿಲೋನಾಕ್ಕೆ ಹೋಗಿ ಗಣರಾಜ್ಯಕ್ಕೆ ಬೆಂಬಲ ಸೂಚಿಸಿ ಬಂದಿದ್ದರು ಎಂಬುದನ್ನು ಸೇರಿಸಿ. ದೂರದ ಯಾವುದೋ ಯುದ್ಧ ಎಂಬ ಭಾವ ಒಡನೆ ಕಡಿಮೆಯಾಗುತ್ತದೆ.

ಚಿತ್ರದೊಳಗೆ ಯುದ್ಧರಂಗ ಕಾಣಿಸುವುದೇ ಇಲ್ಲ, ಆದ್ದರಿಂದಲೇ ಈ ಪರಿಚಯ ಬೇಕು. ಕಸಾರೆಸ್ ಪಟ್ಟಣಕ್ಕೆ ಹೋದಾಗ ಅಂತರರಾಷ್ಟ್ರೀಯ ದಳದ ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯುವುದನ್ನು ನೋಡುತ್ತಾರೆ, ಅವರ ನಡುವೆ ಆಯಾಲಾ ಇರುತ್ತಾನೆ. ಅದು ಚಿಕ್ಕ ದೃಶ್ಯ. ಹಿನ್ನೆಲೆ ತಿಳಿಯದವರಿಗೆ ಅದು ಯಾರೋ ಯಾರನ್ನೋ ಕೊಂದದ್ದಷ್ಟೇ ಆಗಿ ಕಂಡು, ಆ ಮೇಲೆ ಮುದುಕ ವೈದ್ಯ ಏಕೆ ಅಷ್ಟು ಅವಸರದಿಂದ ಊರು ಬಿಡಬೇಕೆನ್ನುತ್ತಾನೆ ಎಂಬುದು ಗೊತ್ತಾಗದೆ ಹೋಗುತ್ತದೆ.

ಪ್ರದರ್ಶನದ ಮೊದಲು ಪ್ರೇಕ್ಷಕರಿಗೆ ಏನನ್ನು ಗಮನಿಸಬೇಕೆಂದು ಒಂದೆರಡು ಮಾತು ಹೇಳಬಹುದು, ಹೆಚ್ಚು ಬೇಡ. ನಾನಾದರೆ ನೀರನ್ನು ಗಮನಿಸಿರೆಂದು ಹೇಳುತ್ತೇನೆ. ಸಾಂತಿ ಕಾಣಿಸಿಕೊಳ್ಳುವಾಗ ಅವನ ಒಡೆದ ಹಣೆಯಿಂದ ರಕ್ತ ಕೆಳಗೆ ಹರಿಯುವುದಿಲ್ಲ, ಹೊಗೆಯಂತೆ ಮೇಲಕ್ಕೆ ಏಳುತ್ತದೆ. ಅವನ ಸುತ್ತ ಧೂಳಿನ ಕಣಗಳು ತೇಲುತ್ತಿರುತ್ತವೆ. ಚರ್ಮ ಬಿರುಕುಬಿಟ್ಟ ಪಿಂಗಾಣಿಯಂತಿದೆ. ಒಣ ನೆಲದ ಮೇಲೆ ನಡೆಯುತ್ತಿದ್ದರೂ ಅವನು ಈಗಲೂ ತೊಟ್ಟಿಯ ನೀರಿನೊಳಗೇ ಇದ್ದಾನೆ. ಸಾವಿನ ಆ ಕ್ಷಣದಿಂದ ಅವನಿಗೆ ಬಿಡುಗಡೆಯಾಗಿಲ್ಲ ಎಂಬುದನ್ನು ಒಂದು ಮಾತೂ ಇಲ್ಲದೆ ತೋರಿಸುವ ಈ ಕಲ್ಪನೆ ಇಡೀ ಚಿತ್ರದ ಜೀವ ಎಂದು ನನಗನ್ನಿಸುತ್ತದೆ. ನಿರ್ದೇಶಕರು ಪ್ರೇತವನ್ನು ಬಚ್ಚಿಡದೆ ಬಹಳ ಬೇಗ, ಸ್ಪಷ್ಟವಾಗಿ ತೋರಿಸಿಬಿಡುವುದೂ ಇದೇ ಕಾರಣಕ್ಕೆ. ನಾವು ಅವನನ್ನು ನೋಡಿ ನೋಡಿ, ಭಯ ಕಳೆದು, ಕನಿಕರಪಡುವಂತಾಗಬೇಕು.

ಎರಡನೆಯದು ಅಂಗಳದ ಬಾಂಬು. ಅದನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದು ದೊಡ್ಡವರು ಹೇಳುತ್ತಾರೆ, ಹುಡುಗರು ನಂಬುವುದಿಲ್ಲ, ಕಿವಿಯಿಟ್ಟರೆ ಅದರ ಎದೆಬಡಿತ ಕೇಳಿಸುತ್ತದೆ ಎನ್ನುತ್ತಾರೆ. ಹುಡುಗರು ಅದರ ಸುತ್ತಮುತ್ತಲೇ ದಿನ ಕಳೆಯುತ್ತಾರೆ. ಇಡೀ ದೇಶದ ಯುದ್ಧ ಒಂದು ಕಬ್ಬಿಣದ ಕೊಳವೆಯಾಗಿ ಮಕ್ಕಳ ಆಟದ ಜಾಗದಲ್ಲಿ ನಾಟಿಕೊಂಡಿದೆ. ಆದರೂ ಕೊನೆಯಲ್ಲಿ ಮಕ್ಕಳನ್ನು ಕೊಲ್ಲುವುದು ಆ ಬಾಂಬಲ್ಲ, ಹಾಸಿಂತೊ ಒಳಗೆ ಸುರಿದ ಪೆಟ್ರೋಲು. ಇದನ್ನು ಮಾತ್ರ ಮೊದಲೇ ಹೇಳಬೇಡಿ. ಚರ್ಚೆಯಲ್ಲಿ ಯಾರಾದರೂ ತಾವಾಗಿ ಕಂಡುಕೊಳ್ಳಲಿ.

ಚಿತ್ರದ ಹೆಸರಿಗೆ ಮೂಲವಾದ ಗಾಜಿನ ಜಾಡಿಗಳ ದೃಶ್ಯಕ್ಕೆ ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಗಳಿದ್ದರೆ ಚರ್ಚೆ ಬೇರೆಯೇ ಮಟ್ಟಕ್ಕೆ ಏರುತ್ತದೆ. ಬೆನ್ನೆಲುಬು ಸರಿಯಾಗಿ ಮುಚ್ಚಿಕೊಳ್ಳದ ಭ್ರೂಣಗಳನ್ನು ಕಸಾರೆಸ್ ಜಾಡಿಗಳಲ್ಲಿ ಇಟ್ಟಿದ್ದಾರೆ. ಹುಟ್ಟಬಾರದಿದ್ದ ಮಕ್ಕಳು ಇವು, ಇದು ಸೈತಾನನ ಬೆನ್ನೆಲುಬು ಎಂದು ಊರಿನವರ ನಂಬಿಕೆ. ವೈದ್ಯರ ಭಾಷೆಯಲ್ಲಿ ಇದು ಸ್ಪೈನಾ ಬಿಫಿಡಾ, ಗರ್ಭ ನಿಂತ ಮೊದಲ ವಾರಗಳಲ್ಲಿಯೇ ಆಗುವ ಬೆಳವಣಿಗೆಯ ದೋಷ. ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಅದರ ಸಂಭವ ಬಹಳ ಕಡಿಮೆಯಾಗುತ್ತದೆ ಎಂಬುದು ಇಂದು ಎಲ್ಲ ವೈದ್ಯರೂ ಹೇಳುವ ಮಾತು. ವಿಜ್ಞಾನವನ್ನು ನಂಬುವ ಕಸಾರೆಸ್ ಆ ಜಾಡಿಯ ದ್ರವವನ್ನು ಪುರುಷತ್ವದ ಮದ್ದೆಂದು ಊರಿನವರಿಗೆ ಮಾರಿ ಅನಾಥಾಲಯಕ್ಕೆ ಹಣ ಹೊಂದಿಸುತ್ತಾರೆ, ಹುಡುಗನ ಕಣ್ಣು ತಪ್ಪಿದ ಮೇಲೆ ತಾವೂ ಒಂದು ಗುಟುಕು ಕುಡಿಯುತ್ತಾರೆ. ಮಣಿಪಾಲದ ಅಂಗರಚನಾ ಸಂಗ್ರಹಾಲಯವನ್ನು ನೋಡಿ ಬಂದವರಿಗೆ ಜಾಡಿಗಳು ಹೊಸವಲ್ಲ. ಆ ಜಾಡಿಯಲ್ಲಿರುವುದು ಯಾರದೋ ಮನೆಯ ಮಗು ಎಂಬ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು. ಜಾಡಿಯೊಳಗಿನ ಮಗುವೂ ತೊಟ್ಟಿಯೊಳಗಿನ ಸಾಂತಿಯೂ ಒಂದೇ ಸ್ಥಿತಿಯಲ್ಲಿದ್ದಾರೆ ಎಂಬುದು ಆಗ ಹೊಳೆಯುತ್ತದೆ.

ಚಿತ್ರ ಮುಗಿದ ಕೂಡಲೇ ದೀಪ ಹಾಕಬೇಡಿ. ಹಾವಿಯೆರ್ ನವಾರೆತೆಯ ಸಂಗೀತದೊಡನೆ ಹೆಸರುಗಳು ಸರಿದುಹೋಗಲಿ. ಅನಂತರ ಚಹಾ ಕೊಡುವ ಪದ್ಧತಿ ಇದ್ದರೆ ಅದನ್ನು ಚರ್ಚೆಯ ಮೊದಲೇ ಕೊಟ್ಟುಬಿಡುವುದು ಒಳ್ಳೆಯದು, ಜನರಿಗೆ ಉಸಿರಾಡಲು ಹತ್ತು ನಿಮಿಷ ಸಿಗುತ್ತದೆ. ‘ಸಿನಿಮಾ ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ‘ಸಾಂತಿಗೆ ಏನು ಬೇಕಾಗಿತ್ತು?’ ಎಂದು ಕೇಳಿ ನೋಡಿ. ಕೆಲವರು ಸೇಡು ಎನ್ನುತ್ತಾರೆ, ಕೆಲವರು ಯಾರಾದರೂ ತನ್ನ ಮಾತು ಕೇಳಬೇಕಾಗಿತ್ತು ಎನ್ನುತ್ತಾರೆ, ಎರಡಕ್ಕೂ ಚಿತ್ರದಲ್ಲಿ ಆಧಾರವಿದೆ.

ತುಳುನಾಡಿನ ಪ್ರೇಕ್ಷಕರಲ್ಲಿ ಈ ಪ್ರಶ್ನೆಗೆ ಬೇರೆ ಕಡೆ ಸಿಗದ ಉತ್ತರಗಳು ಸಿಗುತ್ತವೆ. ಆಟಿ ಎಂಬ ತುಳು ತಿಂಗಳಲ್ಲಿ, ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಮನೆಗಳು ಇಲ್ಲಿ ಇಂದಿಗೂ ಇವೆ. ಚಿಕ್ಕ ವಯಸ್ಸಿನಲ್ಲಿ ಸತ್ತ ಮಕ್ಕಳಿಗೆ, ಬದುಕಿದ್ದರೆ ಮದುವೆಯ ವಯಸ್ಸಾಗುತ್ತಿದ್ದ ಕಾಲಕ್ಕೆ, ಅದೇ ರೀತಿ ತೀರಿಹೋದ ವರನನ್ನೋ ವಧುವನ್ನೋ ಹುಡುಕಿ ಕುಲೆ ಮದುವೆ, ಅಂದರೆ ಪ್ರೇತಗಳ ಮದುವೆ, ಮಾಡಿಸುವವರಿದ್ದಾರೆ. ಸತ್ತ ಮಗು ಮನೆಯ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ, ಅದಕ್ಕೆ ಸಲ್ಲಬೇಕಾದದ್ದು ಸಲ್ಲಲೇಬೇಕು ಎಂಬುದು ಆ ಆಚರಣೆಯ ಹಿಂದಿನ ಮನಸ್ಸು. ಸಾಂತಿಗೆ ಹಾಗೆ ಮಾಡುವ ಮನೆಯವರು ಯಾರೂ ಇಲ್ಲ, ಅವನು ಅನಾಥ. ಅವನ ಪಾಲಿಗೆ ಮನೆಯವರಾಗುವವರು ಉಳಿದ ಅನಾಥ ಹುಡುಗರು. ಈ ಹೋಲಿಕೆಯನ್ನು ಸಂಘಟಕರು ತಾವೇ ಭಾಷಣದಂತೆ ಮುಂದಿಡುವುದಕ್ಕಿಂತ, ‘ನಿಮ್ಮ ಮನೆಗಳಲ್ಲಿ ಇಂಥವರಿಗೆ ಏನು ಮಾಡುತ್ತಾರೆ?’ ಎಂದು ಕೇಳಿ ಸುಮ್ಮನಿರುವುದು ಉತ್ತಮ. ನಂಬಿಕೆಯನ್ನು ಸರಿ ತಪ್ಪು ಎಂದು ತೂಗುವ ವಾದಕ್ಕೆ ಮಾತು ಹೊರಳಿದರೆ ಅದನ್ನು ಮೆಲ್ಲಗೆ ಚಿತ್ರಕ್ಕೆ ಮರಳಿಸಿ.

ಹಾಸಿಂತೊನ ಬಗ್ಗೆ ಸಾಕಷ್ಟು ಸಮಯ ಉಳಿಸಿಕೊಳ್ಳಿ. ಅವನನ್ನು ಖಳನೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಅವನೂ ಇದೇ ಅನಾಥಾಲಯದ ಮಗು, ಆ ಗೋಡೆಗಳನ್ನು ಕಂಡರೆ ಅವನಿಗೆ ನಾಚಿಕೆ, ದ್ವೇಷ. ಇದೇ ಮನೆ ಕಾರ್ಲೊಸ್‌ನಿಗೆ ಗೆಳೆಯರನ್ನು ಕೊಟ್ಟಿತು, ಹಾಸಿಂತೊನಿಗೆ ಏಕೆ ಏನನ್ನೂ ಕೊಡಲಿಲ್ಲ? ಮೊದಮೊದಲು ಕಾರ್ಲೊಸ್‌ನನ್ನು ಪೀಡಿಸುವ ಹಾಯ್ಮೆಯನ್ನು ಇವರಿಬ್ಬರ ನಡುವೆ ಇಟ್ಟು ನೋಡಿದರೆ ಚರ್ಚೆ ಗಟ್ಟಿಯಾಗುತ್ತದೆ. ಹಾಯ್ಮೆ ಯಾವ ಕಡೆಗೂ ಹೋಗಬಹುದಾಗಿದ್ದ ಹುಡುಗ. ಬೃಹದ್ಗಜವನ್ನು (ಮ್ಯಾಮತ್) ಆದಿಮಾನವರು ಒಟ್ಟಾಗಿ ಬೇಟೆಯಾಡುವ ಪಾಠ ತರಗತಿಯಲ್ಲಿ ನಡೆಯುತ್ತದೆ, ಕೊನೆಯಲ್ಲಿ ಹುಡುಗರು ಕೋಲುಗಳನ್ನು ಚೂಪು ಮಾಡಿಕೊಂಡು ಅದೇ ರೀತಿ ಹಾಸಿಂತೊನನ್ನು ಸುತ್ತುವರಿದು ತೊಟ್ಟಿಗೆ ತಳ್ಳುತ್ತಾರೆ, ಸೊಂಟಕ್ಕೆ ಕಟ್ಟಿಕೊಂಡ ಚಿನ್ನದ ಭಾರಕ್ಕೆ ಅವನು ಮೇಲೇಳಲಾರ. ಮಕ್ಕಳು ಮಾಡಿದ್ದು ನ್ಯಾಯವೋ ಕೊಲೆಯೋ ಎಂದು ಕೇಳಿದಾಗ ಸಭೆ ಎರಡಾಗುತ್ತದೆ, ಆಗಲಿ. ಒಮ್ಮತಕ್ಕೆ ತರಲು ಹೋಗಬೇಡಿ.

ನಿರೂಪಣೆಯ ದನಿ ಯಾರದೆಂದು ಕೇಳಲು ಮರೆಯಬಾರದು. ಪ್ರೇತವೆಂದರೆ ಏನು ಎಂಬ ಪ್ರಶ್ನೆಯನ್ನು ಮೊದಲಿಗೆ ಕೇಳುವ ದನಿ ಕಸಾರೆಸ್‌ರದು, ಕಿಟಕಿಯ ಬಳಿ ಬಂದೂಕು ಹಿಡಿದು ಕುಳಿತಲ್ಲೇ ಸತ್ತ ಅವರೇ ಆಮೇಲೆ ಹುಡುಗರಿಗೆ ಬಾಗಿಲು ತೆರೆಯುವವರು. ಅಂದರೆ ನಾವು ಕತೆಯನ್ನು ಆರಂಭದಿಂದಲೂ ಸತ್ತವರೊಬ್ಬರ ಬಾಯಿಂದ ಕೇಳಿದ್ದೇವೆ. ಇದನ್ನು ಸ್ಪೇನಿನ ಮುಂದಿನ ಇತಿಹಾಸಕ್ಕೆ ಜೋಡಿಸಬಹುದು. ಫ್ರಾಂಕೊ 1975ರಲ್ಲಿ ಸಾಯುವವರೆಗೂ ಸೋತವರ ಸಾವುಗಳನ್ನು ಬಹಿರಂಗವಾಗಿ ಶೋಕಿಸುವಂತಿರಲಿಲ್ಲ. ಹೆಸರಿಲ್ಲದ ಸಾಮೂಹಿಕ ಗುಂಡಿಗಳಲ್ಲಿ ಹೂತವರನ್ನು ಅಗೆದು ಗುರುತಿಸುವ ಚಳವಳಿ 2000ದ ಸುಮಾರಿಗೆ ಬಲಗೊಂಡಿತು, 2007ರಲ್ಲಿ ಅದಕ್ಕೊಂದು ಕಾನೂನಿನ ಬೆಂಬಲವೂ ದೊರೆಯಿತು. ಶವ ಸಿಗದ ಸಾಂತಿಯ ಕತೆ ಅದೇ ವರ್ಷಗಳಲ್ಲಿ ತೆರೆಗೆ ಬಂದಿತು.

ಸಭೆಯಲ್ಲಿ ಹಾಸ್ಟೆಲಿನಲ್ಲಿಯೋ ಅನಾಥಾಲಯದಲ್ಲಿಯೋ ಬೆಳೆದವರು ಇರಬಹುದು. ಅವರ ಅನುಭವವನ್ನು ಹೆಸರು ಹಿಡಿದು ಕೇಳುವುದು ಸಲ್ಲದು; ಅವರಾಗಿ ಮಾತಾಡಿದರೆ ತಾಳ್ಮೆಯಿಂದ ಕೇಳಿಸಿಕೊಳ್ಳಿ, ನಡುವೆ ಬಾಯಿಹಾಕುವವರನ್ನು ತಡೆಯಿರಿ. ಚರ್ಚೆಯ ಮುಖ್ಯ ಮಾತುಗಳನ್ನು ಬರೆದುಕೊಳ್ಳಲು ಒಬ್ಬರನ್ನು ಮೊದಲೇ ನೇಮಿಸಿಟ್ಟರೆ ಮುಂದಿನ ಪ್ರದರ್ಶನಕ್ಕೆ ಅದು ಬಂಡವಾಳವಾಗುತ್ತದೆ. ಮುಂದಿನ ಚಿತ್ರವಾಗಿ ಇದೇ ನಿರ್ದೇಶಕರ 2006ರ ‘ಪ್ಯಾನ್ಸ್ ಲ್ಯಾಬಿರಿಂತ್’ ಒಪ್ಪುತ್ತದೆ. ಅದರ ಕತೆ ನಡೆಯುವುದು 1944ರಲ್ಲಿ, ಯುದ್ಧ ಮುಗಿದು ಫ್ರಾಂಕೊ ಆಳ್ವಿಕೆ ನೆಲೆಗೊಂಡ ಮೇಲೆ; ಅಲ್ಲಿ ಹುಡುಗರ ಜಾಗದಲ್ಲಿ ಒಬ್ಬಳೇ ಹುಡುಗಿ ಇದ್ದಾಳೆ. ಒಂದು ತಿಂಗಳ ಅಂತರ ಕೊಟ್ಟು, ಅದೇ ಕೋಣೆಯಲ್ಲಿ, ಸಾಧ್ಯವಾದರೆ ಅದೇ ಪ್ರೇಕ್ಷಕರಿಗೆ ತೋರಿಸಿ, ಮೊದಲ ಚರ್ಚೆಯಲ್ಲಿ ಇತ್ಯರ್ಥವಾಗದೆ ಉಳಿದ ಪ್ರಶ್ನೆಗಳನ್ನು ಪರಿಚಯದ ಮಾತಿನಲ್ಲಿ ಓದಿಹೇಳಿ.